ಕೂಸಿನ ಕಿವಿಗೆ ಹೋದ ಹೆಸರು

ಗೋಕಾಕದ ಬಜಾರಿನಲ್ಲಿ ಕರದಂಟಿನ ಅಂಗಡಿಗಳ ಮುಂದೆ ಹಾಯುವಾಗ ತುಪ್ಪದಲ್ಲಿ ಅಂಟು ಅರಳುವ ವಾಸನೆ ಬಂದರೆ ಉಳಿದವರ ಬಾಯಲ್ಲಿ ನೀರೂರುತ್ತದೆ. ನನಗೆ ಸಿಟ್ಟು ಬರುತ್ತದೆ. ಮೊನ್ನೆಯೂ ಹಾಗೇ ಆಯಿತು. ತರಕಾರಿ ಚೀಲ ಹಿಡಿದುಕೊಂಡು ನಡುರಸ್ತೆಯಲ್ಲಿ ನಿಂತುಬಿಟ್ಟೆ. ಹಿಂದಿನಿಂದ ಆಟೋದವನು, "ಆಯಿ, ಬಾಜೂಕ ಸರೀರಿ. ಅಲ್ಲೇ ಮನಿ ಕಟ್ಟಾಕತ್ತೀರೇನು?" ಎಂದ. ನಾನು ಸರಿದೆ. ಸಿಟ್ಟು ಸರಿಯಲಿಲ್ಲ.

ಎರಡು ಮಳೆಗಾಲದ ಹಿಂದೆ ನಮ್ಮ ಮನೆಯ ತುಂಬ ಇದೇ ವಾಸನೆ ಇತ್ತು. ಸೊಸೆಯ ಬಾಣಂತನಕ್ಕೆಂದು ಶಾರದಾ ವೈನಿ ಕರದಂಟು ಮಾಡಿ ಮಾಡಿ ಡಬ್ಬಿ ತುಂಬಿಡುತ್ತಿದ್ದರು. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ನನ್ನವರು ತೀರಿಕೊಂಡ ಮೇಲೆ ಮೂಡಲಗಿಯ ಮನೆಯನ್ನು ಬಾಡಿಗೆಗೆ ಕೊಟ್ಟು ನಾನು ಗೋಕಾಕಕ್ಕೆ ಬಂದು ಅಣ್ಣನ ಮನೆಯ ಮಾಳಿಗೆಯ ಮೇಲಿದ್ದೇನೆ. ಮೂಡಲಗಿಯಲ್ಲಿ ಹೈಸ್ಕೂಲಿನ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವಳು ನಾನು. ನನಗೆ ಕಲಿಸಿದವರು ಬೆಳಗಾವಿಯ ಕಾನ್ವೆಂಟಿನ ಸಿಸ್ಟರುಗಳು. ಎಪ್ಪತ್ತು ದಾಟಿದ್ದರೂ ಮನೆಯವರ ಬಾಯಲ್ಲಿ ನಾನು ಇನ್ನೂ 'ಬೇಬಿ'.

ಸೊಸೆಯ ಹೆಸರು ಒದೀಲ್. ಕೆನಡಾದ ಕ್ವಿಬೆಕ್ ಕಡೆಯವಳು. ಅಲ್ಲಿ ಫ್ರೆಂಚ್ ಆಡುತ್ತಾರೆ, ಇಂಗ್ಲಿಷ್ ಎಂದರೆ ಮೂಗು ಮುರಿಯುತ್ತಾರೆ. ಕಾಮಾ, ಸೆಮಿಕೋಲನ್‌ಗಳನ್ನು ಸ್ಕೇಲಿನ ಏಟು ತಿಂದು ಕಲಿತ ನನಗೆ ಇದು ಬಹಳ ದಿನ ಅರಗಲಿಲ್ಲ. ಗೋಕಾಕದ ಬಣ್ಣದ ಕಟ್ಟಿಗೆಯ ಗೊಂಬೆಗಳನ್ನು ಹೇಗೆ ಮಾಡುತ್ತಾರೆಂದು ನೋಡಲು ಬಂದವಳು, ಗೊಂಬೆಯವರ ಓಣಿಯಲ್ಲಿ ಆಕಳಿಗೆ ಸೂಜಿ ಹಾಕುತ್ತಿದ್ದ ನಮ್ಮ ಸಂತೋಷನನ್ನು ಕಂಡಳು. ಅವನು ದನದ ಡಾಕ್ಟರು, ಅಣ್ಣನ ಒಬ್ಬನೇ ಮಗ. ಬಂದವಳು ಇಲ್ಲೇ ಉಳಿದಳು. ಅವಳು ಕನ್ನಡ ಕಲಿತದ್ದು ಸಂತೆಯಲ್ಲಿ, ವೈನಿಯ ಅಡುಗೆಮನೆಯಲ್ಲಿ. ಹಾಗಾಗಿ ಬೆಕ್ಕಿಗೂ 'ಬರ್ರಿ, ಹಾಲ ಕುಡೀರಿ' ಎನ್ನುತ್ತಾಳೆ.

ಅವಳ ಮದುವೆಯಲ್ಲಿ ಒಂದು ಸಣ್ಣ ಯುದ್ಧವೇ ಆಗಿತ್ತು. ನಮ್ಮ ಕಡೆ ಮದುವೆಯ ದಿನ ಗಂಡು ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ಆ ಹೊತ್ತಿನಿಂದ ಅವಳ ತವರಿನ ಹೆಸರು ತವರಿಗೇ ಸೀಮಿತ. ನನ್ನದೂ ಹಾಗೆಯೇ ಹೋಯಿತು. ಒದೀಲ್ ಮಾತ್ರ ತಟ್ಟೆಯ ಮೇಲೆ ಅಂಗೈ ಮುಚ್ಚಿ, "ನನಗ ಹೆಸರೈತ್ರಿ" ಎಂದಳು. ವೈನಿಗೆ ಆ ಮಾತು ವರ್ಷಗಟ್ಟಲೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಆ ಮಳೆಗಾಲ ಡಾಕ್ಟರಮ್ಮ ಒದೀಲ್‌ಗೆ ಬೆಡ್ ರೆಸ್ಟ್ ಹೇಳಿದ್ದರು. ನಮ್ಮಲ್ಲಿ ಮಳೆಗಾಲ ಎಂದರೆ ವಿಚಿತ್ರ. ಮೇಲೆ ಮೋಡ, ಕೆಳಗೆ ಧೂಳು, ನಡುವೆ ನಾಲ್ಕು ಹನಿ. ಮಳೆ ಬೀಳುವುದು ಎಲ್ಲೋ ಘಟ್ಟದಲ್ಲಿ. ಹೊಳೆ ತುಂಬುವುದು ಇಲ್ಲಿ. ಮಲಗಿದ್ದವಳು ಸುಮ್ಮನಿರಲಿಲ್ಲ. ಲ್ಯಾಪ್‌ಟಾಪ್ ಹೊಟ್ಟೆಯ ಮೇಲಿಟ್ಟುಕೊಂಡು ತನ್ನ ತಾಯಿಯ ಜೊತೆ ವಿಡಿಯೋ ಕಾಲ್‌ನಲ್ಲಿ ಫ್ಯಾಮಿಲಿ ಟ್ರೀ ಮಾಡುತ್ತಿದ್ದಳು. ಮಧ್ಯಾಹ್ನ ನನ್ನನ್ನು ಕೂಡಿಸಿಕೊಳ್ಳುತ್ತಿದ್ದಳು. ಹೆಸರುಗಳನ್ನು ವಿಂಗಡಿಸುವ ಕೆಲಸ ನನ್ನದು.

ಅವಳ ಮೂಲಪುರುಷ ಮುನ್ನೂರು ವರ್ಷಗಳಿಗೂ ಹಿಂದೆ ಫ್ರಾನ್ಸಿನ ರಾಜನ ಸಿಪಾಯಿಯಾಗಿ ಹಡಗು ಹತ್ತಿ ಹೋದವನು. ಸೈನ್ಯದಲ್ಲಿ ಎಲ್ಲರಿಗೂ ಒಂದು ಅಡ್ಡಹೆಸರು ಇಡುತ್ತಿದ್ದರಂತೆ. ಹೂವಿನವನು, ನಗುವಿನವನು, ಚಿಂತೆಯಿಲ್ಲದವನು, ಹೀಗೆ. ಇವನಿಗೆ ಸಿಕ್ಕದ್ದು 'ಲಾದುಸರ್', ಅಂದರೆ ಸವಿಗುಣದವನು. ಚರ್ಚಿನ ದಫ್ತರದಲ್ಲಿ ಮನೆತನದ ಹೆಸರು ಬರೆದು, 'ದಿ' ಎಂದು ಸೇರಿಸಿ, ಆಮೇಲೆ ಅಡ್ಡಹೆಸರು. ಒದೀಲ್ ಈ 'ದಿ'ಯನ್ನು ತಿಳಿಸಲು ಒದ್ದಾಡಿದಳು. ಸಂತೋಷ ಬಾಗಿಲಲ್ಲಿ ಬೂಟು ಬಿಚ್ಚುತ್ತ, "ಅತ್ತಿ, ಅದು ನಮ್ಮ ಉರ್ಫ್ ಐತಿ, ಉರ್ಫ್. ಪೊಲೀಸರ ಬೋರ್ಡ್ ಮ್ಯಾಲ ಬರೀತಾರಲ್ಲ" ಎಂದ. ಅಷ್ಟೇ. ಅಲ್ಲಿಂದ ನಮ್ಮ ಮನೆಯಲ್ಲಿ ಅವಳ ಪೂರ್ವಜರೆಲ್ಲ ಉರ್ಫ್‌ಗಳಾದರು. ಆ ಸಿಪಾಯಿಯ ಒಬ್ಬ ಮಗ ಮನೆತನದ ಹೆಸರು ಇಟ್ಟುಕೊಂಡ, ಇನ್ನೊಬ್ಬ ಉರ್ಫ್ ಇಟ್ಟುಕೊಂಡ. ನಾಲ್ಕು ತಲೆ ಕಳೆಯುವಷ್ಟರಲ್ಲಿ ಅಣ್ಣತಮ್ಮಂದಿರ ಮಕ್ಕಳು ಒಬ್ಬರಿಗೊಬ್ಬರು ಅಪರಿಚಿತರು. ಊಟದ ಹೊತ್ತಿಗೆ ಮಾತ್ರ ಬಾಯಿ ತೆರೆಯುವ ಅಣ್ಣ ಇದನ್ನು ಕೇಳಿ, "ನಮ್ಮಲ್ಲಿ ಬೆಲ್ಲದವರು, ಅಕ್ಕಿಯವರು ಇಲ್ಲೇನು? ಅವರದೂ ಅದೇ ಕಥಿ" ಎಂದು ಕೈ ತೊಳೆದ.

ಗಂಡಸರ ಪಾಡು ಇದಾದರೆ, ಹೆಂಗಸರದು ಇನ್ನೂ ತಲೆನೋವು. ಹುಟ್ಟಿದ ಹೆಣ್ಣುಮಕ್ಕಳಿಗೆಲ್ಲ ದೀಕ್ಷಾಸ್ನಾನದಲ್ಲಿ 'ಮರೀ', ಗಂಡುಮಕ್ಕಳಿಗೆಲ್ಲ 'ಜೋಸೆಫ್'. ಅದರ ಹಿಂದೆ ಧರ್ಮತಾಯಿಯ ಹೆಸರು, ಅದರ ಹಿಂದೆ ಕರೆಯುವ ಹೆಸರು. ಒಂದೇ ಹಳ್ಳಿಯಲ್ಲಿ, ಒಂದೇ ಕಾಲಕ್ಕೆ, ಮೂವರು ಮರೀಗಳು ಮೂವರು ಜೋಸೆಫರನ್ನು ಮದುವೆಯಾಗಿ ಕೂತಿರುತ್ತಿದ್ದರು. ಒದೀಲ್ ತಲೆದಿಂಬಿಗೆ ಗುದ್ದುತ್ತಿದ್ದಳು. ನಾನು ಮಾತ್ರ ಒಳಗೊಳಗೇ ಕರುಬಿದೆ. ಯಾಕೆಂದರೆ ಆ ಮರೀಗಳಲ್ಲಿ ಒಬ್ಬಳೂ ಗಂಡನ ಹೆಸರಿನ ಕೆಳಗೆ ಹೂತುಹೋಗಿರಲಿಲ್ಲ. ಮದುವೆಯಾಗಲಿ, ಹತ್ತು ಹೆರಲಿ, ಮಣ್ಣಿಗೆ ಹೋಗಲಿ, ಪಾದ್ರಿ ಅವಳನ್ನು ಬರೆದದ್ದು ಹುಟ್ಟಿದ ಮನೆಯ ಹೆಸರಿನಿಂದಲೇ.

ಹಿಂದಕ್ಕೆ ಹೋಗುತ್ತ ಹೋಗುತ್ತ ಒಂದು ದಿನ ತಾಯಿಯ ತಾಯಿಯ ಸಾಲಿನಲ್ಲಿ ಎಲ್ಲಕ್ಕಿಂತ ಮೊದಲಿನವಳು ಸಿಕ್ಕಳು. ಅವಳ ಹೆಸರು ಬರೀ ಮರೀ. ಹಿಂದಿಲ್ಲ, ಮುಂದಿಲ್ಲ, ತಂದೆತಾಯಿಯಿಲ್ಲ. ಫ್ರೆಂಚರು ಹೋಗುವ ಮೊದಲೇ ಆ ನೆಲದಲ್ಲಿ ಇದ್ದ ಜನರ ಮಗಳು ಅವಳು. ಅವಳ ತಾಯಿ ಕರೆದ ಹೆಸರೊಂದು ಇದ್ದೇ ಇರಬೇಕಲ್ಲ? ನೀರು ಸುರಿದು ಅದನ್ನು ತೊಳೆದು ಹಾಕಿ ಮರೀ ಎಂದು ಬರೆದಿದ್ದರು. ಒದೀಲ್ ಅದನ್ನು ತಾಯಿಗೆ ಹೇಳಿದಾಗ, ಆಕೆ ಪರದೆಯ ಮೇಲೆ ಬಹಳ ಹೊತ್ತು ಬೇರೆ ಕಡೆ ನೋಡಿದಳು. ಅವರ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲವಂತೆ.

ಒದೀಲ್ ಲ್ಯಾಪ್‌ಟಾಪ್ ಮುಚ್ಚಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಬೇಬಿ ಅತ್ತಿ, ನಿಮ್ಮ ಅವ್ವನ ಅವ್ವನ ಹೆಸರು ಏನ್ರಿ?"

"ಪಾರ್ವತವ್ವ."

"ಅದು ಅಕ್ಕಿ ತಟ್ಟಿ ಹೆಸರೋ, ಹುಟ್ಟಿದ ಹೆಸರೋ?"

ಇಂಗ್ಲೆಂಡಿನ ಒಬ್ಬ ರಾಜನ ಆರೂ ಹೆಂಡಂದಿರ ಹೆಸರು ಇವತ್ತಿಗೂ ಸಾಲಾಗಿ ಹೇಳಬಲ್ಲೆ. ನನ್ನ ಅವ್ವನನ್ನು ಹೆತ್ತವಳ ಹುಟ್ಟಿದ ಹೆಸರು ನನಗೆ ಗೊತ್ತಿರಲಿಲ್ಲ. ನಾವು ಆಯಿ ಎನ್ನುವ ಆ ಅಜ್ಜಿ ನಾನು ಕೂಸಾಗಿದ್ದಾಗಲೇ ತೀರಿಕೊಂಡಿದ್ದಳು. ಅವ್ವನೂ ಹೋಗಿ ಎಷ್ಟೋ ಕಾಲವಾಗಿತ್ತು.

"ನನ್ನ ಮರೀ ಹೆಸರು ಸಿಗೂದಿಲ್ಲ. ಕೇಳಾಕ ಯಾರೂ ಇಲ್ಲ," ಎಂದಳು ಒದೀಲ್. "ನಿಮ್ಮದು ಯಾರಿಗರೆ ಗೊತ್ತಿರಬೇಕು. ಹುಡುಕ್ರಿ. ಹೆಣ್ಣು ಹುಟ್ಟಿದರ ಆ ಹೆಸರು ಇಡೂಣು."

ಸಂತೋಷನಿಗೆ ಅಕ್ಕತಂಗಿಯರಿಲ್ಲ. ನಮ್ಮಲ್ಲಿ ತೊಟ್ಟಿಲ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಅವನ ಅತ್ತೆಯಾದ್ದರಿಂದ ಆ ಪಾಳಿ ನನಗೆ ಬಂದಿತ್ತು. ಹೇಳುವ ಬಾಯಿ ನನ್ನದು, ಹೇಳಲು ಹೆಸರಿಲ್ಲ. ಹೆರಿಗೆಗೆ ಇನ್ನೂ ಸಮಯವಿತ್ತು. ಹುಡುಕಿದರಾಯಿತು, ಎಷ್ಟು ಕಷ್ಟ, ಎಂದುಕೊಂಡೆ. ಹೌ ಡಿಫಿಕಲ್ಟ್ ಕುಡ್ ಇಟ್ ಬಿ!

ಮೊದಲು ಸಿಕ್ಕವನು ಹೆಳವ. ಹೆಳವರೆಂದರೆ ವರ್ಷಕ್ಕೋ ಎರಡು ವರ್ಷಕ್ಕೋ ಎತ್ತಿನ ಮೇಲೆ ಬಂದು ಮನೆಯ ಮುಂದೆ ನಿಂತು, ನಮ್ಮ ಮುತ್ತಾತನ ಮುತ್ತಾತನವರೆಗೆ ಪೀಳಿಗೆ ಹೇಳಿ, ಕಾಳುಕಡಿ ಪಡೆದು ಹೋಗುವವರು. ನಮ್ಮ ಅವ್ವನ ತವರಾದ ಬೆಲ್ಲದ ಬಾಗೇವಾಡಿಯ ಮನೆತನ ಹೇಳುವ ಹೆಳವ ಮಸಗುಪ್ಪಿಯಲ್ಲಿ ಬೀಡು ಬಿಟ್ಟಿದ್ದಾನೆ, ಅವನ ಎತ್ತಿಗೆ ಕಾಲುಬೇನೆ ಎಂದು ಸಂತೋಷನಿಗೆ ಫೋನು ಬಂತು. ನಾನು ಜೀಪು ಹತ್ತಿದೆ.

ಹೊಳೆ ಆಗಲೇ ಕೆಂಪಗೆ ಏರುತ್ತಿತ್ತು. ಮಸಗುಪ್ಪಿಯ ಹೊಲಗಳಲ್ಲಿ ಕಬ್ಬಿನ ಬುಡದವರೆಗೆ ನೀರು ನಿಂತಿತ್ತು. ಸಂತೋಷ ಎತ್ತಿನ ಗೊರಸು ತೊಳೆಯುತ್ತಿರುವಾಗ ಹೆಳವ ತಲೆಯ ಪಟಕ ಸರಿಮಾಡಿಕೊಂಡು ಬಾಗೇವಾಡಿಯ ಮನೆತನ ಸುರು ಮಾಡಿದ. ಇಂಥವನ ಮಗ ಇಂಥವ, ಅವನ ಮಗ ಇಂಥವ, ಬರಗಾಲದಲ್ಲಿ ಊರು ಬಿಟ್ಟವ, ಬಾವಿ ತೋಡಿಸಿದವ, ಇಬ್ಬರು ಹೆಂಡಿರ ಗಂಡ. ದನಿ ಘಂಟೆಯ ಹಾಗಿತ್ತು. ನಮ್ಮ ಅಜ್ಜನ ಪಾಳಿ ಬಂತು. "ಕಣಗಲಾದ ಹೆಣ್ಣ ತಂದ, ಮನಿ ತುಂಬಿಸಿದ" ಎಂದು ಹೇಳಿ ಮುಂದಕ್ಕೆ ಓಡಿದ.

"ನಿಲ್ಲಪಾ, ನಿಲ್ಲ. ಆ ಕಣಗಲಾದ ಹೆಣ್ಣಿನ ಹೆಸರೇನು?"

ಅವನು ಹಳಿ ತಪ್ಪಿದವನಂತೆ ನೋಡಿದ. "ಹೆಣ್ಮಕ್ಕಳು ಹೊಳಿ ಇದ್ದಂಗ್ರಿ ತಾಯಿ. ಒಂದ ಊರಾಗ ಹುಟ್ಟತಾರ, ಒಂದ ಊರಿಗೆ ಹರೀತಾರ. ಅವರದು ಊರಿನ ಹೆಸರಿನ ಮ್ಯಾಲೇ ನಡೀತೈತ್ರಿ."

"ಹೊಳಿಗೆ ಘಟಪ್ರಭಾ ಅಂತ ಹೆಸರೈತಿ. ಮಂದಿ ಮರತಾರೇನು? ಹೆಂಗಸಿಗೇ ಇಲ್ಲೇನು?"

"ಡಾಕ್ಟರ, ನಿಮ್ಮ ಅತ್ತಿಯವರು ಭಾಳ ಸಾಲಿ ಕಲ್ತಾರ್ರಿ," ಎಂದು ಅವನು ಸಂತೋಷನ ಕಡೆ ತಿರುಗಿ ನಕ್ಕ. ಸಂತೋಷನೂ ನಕ್ಕ. ಎತ್ತು ಒದೆಯಿತು. ಸರಿಯಾಗೇ ಒದೆಯಿತು.

ಕಣಗಲಾ ಹುಕ್ಕೇರಿ ತಾಲ್ಲೂಕಿನ ಹಳ್ಳಿ, ಹೈವೇಗೆ ಹತ್ತಿರ. ಮುಂದಿನ ವಾರ ಅಲ್ಲಿಗೆ ಹೋದೆವು. ಆಯಿಯ ತವರುಮನೆ ಇದ್ದ ಜಾಗದಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ. ಗಲ್ಲೆಯ ಮೇಲೆ ಕೂತಿದ್ದವನು ಈರಣ್ಣ, ಆಯಿಯ ಅಣ್ಣನ ಮೊಮ್ಮಗ. ಚಹಾ ತರಿಸಿದ, ಭಜಿ ತರಿಸಿದ, ಫ್ಯಾನು ನನ್ನ ಕಡೆ ತಿರುಗಿಸಿದ. ಹೆಸರು ಮಾತ್ರ ಅವನಲ್ಲಿ ಇರಲಿಲ್ಲ.

"ನಮ್ಮ ಮುತ್ಯಾನ ತಂಗಿ ಹೌದಲ್ರಿ ಅಕ್ಕಾರ? ಬಾಗೇವಾಡಿಗೆ ಕೊಟ್ಟಾಕಿ ಅಂತಿದ್ರು. ಬಾಗೇವಾಡಿ ಆಯಿ ಅಂದ್ರ ಮುಗೀತ್ರಿ, ಹೆಸರ ಯಾಕ ಬೇಕಾತು?"

ಬಾಗೇವಾಡಿಯವರಿಗೆ ಅವಳು ಕಣಗಲಾದವಳು. ಕಣಗಲಾದವರಿಗೆ ಬಾಗೇವಾಡಿಯವಳು. ಎರಡು ಊರಿನವರೂ ಅವಳನ್ನು ಒಬ್ಬರ ಮನೆಗೊಬ್ಬರು ಕಳಿಸಿ ಕೈ ಒರೆಸಿಕೊಂಡಿದ್ದರು. ನನಗೆ ಕಣ್ಣಲ್ಲಿ ನೀರು ಬರುವಷ್ಟು ರೇಗಿತು. ಚಹಾ ಅಲ್ಲೇ ಬಿಟ್ಟು ಎದ್ದೆ. ಆಗ ಈರಣ್ಣ, "ಅಲ್ರಿ, ನಮ್ಮ ಗಂಗವ್ವ ಅತ್ತಿ ಇನ್ನೂ ಗಟ್ಟಿ ಅದಾಳಲ್ಲ, ಆಕಿನ್ನ ಕೇಳ್ರಲ್ಲ. ಆಕಿನೂ ಇದೇ ಮನಿ ಮಗಳು" ಎಂದ.

ಗಂಗವ್ವ ಎಂದರೆ ನನ್ನ ಮಾಮಿ, ಅವ್ವನ ತಮ್ಮನ ಹೆಂಡತಿ. ತೊಂಬತ್ತು ದಾಟಿದ ಆಕೆ ಬಾಗೇವಾಡಿಯಲ್ಲೇ ಇದ್ದಳು. ನನ್ನ ತಲೆಗೆ ಹೊಳೆದೇ ಇರಲಿಲ್ಲ. ನಮ್ಮಲ್ಲಿ ತಮ್ಮನ ಮನೆಗೆ ಅಕ್ಕ, ಅಣ್ಣನ ಮನೆಗೆ ತಂಗಿ, ಹೆಣ್ಣು ಕೇಳುವುದು ರೂಢಿ. ಆಯಿ ತನ್ನ ಅಣ್ಣನ ಮಗಳನ್ನೇ ಕಣಗಲಾದಿಂದ ಸೊಸೆಯಾಗಿ ತಂದುಕೊಂಡಿದ್ದಳು. ಅಂದರೆ ಮಾಮಿ ಹುಟ್ಟಿದ್ದೂ ಆ ಮನೆಯಲ್ಲೇ. ತನ್ನ ತಂದೆ ತಂಗಿಯನ್ನು ಹೆಸರು ಹಿಡಿದು ಕರೆಯುವುದನ್ನು ಕೇಳಿ ಬೆಳೆದವಳು. ಜೀಪು ತಿರುಗಿಸು ಎಂದೆ.

ಮಾಮಿ ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಶೇಂಗಾ ಸುಲಿಯುತ್ತಿದ್ದಳು. "ಬಂದ್ಯಾ ಬೇಬಿ? ಬಡಕಾಗಿ. ಇಂಗ್ಲಿಷ್ ಮಾತಾಡಿ ಮಾತಾಡಿ ಮೈಯಾಗ ಏನೂ ಉಳಿದಿಲ್ಲ" ಎಂದಳು. ನಾನು ನೀರು ಕುಡಿಯುವುದಕ್ಕೂ ಕಾಯಲಿಲ್ಲ.

"ಮಾಮಿ, ನಮ್ಮ ಆಯಿದು ತವರಮನಿ ಹೆಸರು ಏನಿತ್ರಿ?"

ಆಕೆ ತಲೆಯ ಮೇಲೆ ಸೆರಗು ಎಳೆದುಕೊಂಡಳು. "ಅತ್ತಿ ಹೆಸರ ಹೇಳ್ತಾರೇನ ಹುಚ್ಚಿ? ಇಷ್ಟ ಕಲ್ತು ಅದನ್ನ ಕಲೀಲಿಲ್ಲೇನು?"

"ಗೊತ್ತೈತೋ ಇಲ್ರೋ?"

"ಗೊತ್ತಿರಲಾರದ ಏನು? ನಮ್ಮಪ್ಪ ದನಿ ತಗದು ಕರದರ ಊರ ಅಗಸಿ ಬಾಗಿಲ ತನಕಾ ಕೇಳಿಸ್ತಿತ್ತು."

"ಮತ್ತ ಹೇಳ್ರಿ!"

"ಕರೀತಿದ್ದಾವ ನಮ್ಮಪ್ಪ. ನಾ ಅಲ್ಲ."

"ಲಗ್ನಕ್ಕಿಂತ ಮೊದಲ ನೀವು ಏನಂತಿದ್ರಿ?"

"ಅತ್ತಿ ಅಂತಿದ್ದೆ. ಅಪ್ಪನ ತಂಗಿ ಅಂದ್ರ ಅತ್ತಿ. ಲಗ್ನ ಆತು, ಗಂಡನ ತಾಯಿ ಅಂದ್ರೂ ಅತ್ತಿ. ಮನಿ ಬದಲಾತು, ಅತ್ತಿ ಬದಲಾಗಲಿಲ್ಲ."

ಒಂದು ಹೆಸರು. ಮೂರು ಅಕ್ಷರವೋ ನಾಲ್ಕು ಅಕ್ಷರವೋ. ಜಗತ್ತಿನಲ್ಲಿ ಅದು ಉಳಿದಿದ್ದ ಒಂದೇ ಜಾಗ ನನ್ನ ಮುಂದೆ ಕೂತು ಶೇಂಗಾ ಸುಲಿಯುತ್ತಿತ್ತು. ಹೇಳಲೊಲ್ಲೆ ಎನ್ನುತ್ತಿತ್ತು!

ಮನೆಗೆ ಬಂದು ಹೇಳಿದಾಗ ಒದೀಲ್ ಫ್ರೆಂಚಿನಲ್ಲಿ ಏನೋ ಅಂದಳು. ಅನುವಾದ ಕೇಳಲಿಲ್ಲ, ಮುಖ ನೋಡಿದರೆ ತಿಳಿಯುತ್ತಿತ್ತು. ಆಮೇಲೆ ಇಬ್ಬರೂ ಕೂತು ಉಪಾಯ ಹೂಡಿದೆವು. ಮುಂದಿನ ಸಲ ವೈನಿಯ ಕರದಂಟಿನ ಡಬ್ಬಿ ಒಯ್ದೆ. ಮಾಮಿ ಡಬ್ಬಿ ಇಟ್ಟುಕೊಂಡಳು. ನಾನು ಕಣಗಲಾ ಕಡೆಯ ಹಳೆಯ ಹೆಸರುಗಳನ್ನೆಲ್ಲ ಒಂದೊಂದಾಗಿ ಹೇಳುತ್ತೇನೆ, ಸರಿಯಾದದ್ದು ಬಂದಾಗ ತಲೆ ಆಡಿಸಿದರೆ ಸಾಕು ಎಂದೆ.

"ತಲಿ ಅಲ್ಲಾಡಿಸಿದರೂ ಹೇಳಿದಂಗೇ ಅಲ್ಲೇನು? ನಿಮ್ಮ ಕಾನ್ವೆಂಟಿನ್ಯಾಗ ಕಾಪಿ ಹೊಡ್ಯಾಕ ಹಿಂಗೇ ಕಲಿಸಿದ್ರೇನು?"

ಅವಳ ಸೊಸೆ ಒಳಗಿನಿಂದ ಕಿಸಕ್ಕನೆ ನಕ್ಕಳು. ನನಗೆ ಅವಮಾನವಾಯಿತು. ಆದರೂ ಬಿಡಲಿಲ್ಲ. ಒಡಪಿನಲ್ಲಿ ಹೇಳಿರಿ ಎಂದೆ. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ, ಹಾಡಿನಂಥ ಮಾತು ಕಟ್ಟಿ ಅದರೊಳಗೆ ಇಟ್ಟು ಹೇಳುತ್ತಾರೆ. ಒಡಪು ಎಂದ ಕೂಡಲೇ ಮಾಮಿಯ ಕಣ್ಣು ಮಿಂಚಿತು. ಶೇಂಗಾದ ಮೊರ ಬದಿಗೆ ಸರಿಸಿ, ಹದಿನಾಲ್ಕರ ಮದುಮಗಳ ಹಾಗೆ ಗದ್ದ ಎತ್ತಿ ಹೇಳಿದಳು:

"ಹುಕ್ಕೇರಿ ಸಂತ್ಯಾಗ ಹಸರ ಬಳಿ ತಂದಾರ, ಹಾಕೊಂಡ ಬಾ ಅಂತ ಹೊಸ್ತಲದಾಗ ನಿಂದಾರ, ಮಲ್ಲಪ್ಪನವರ ನೋಡಾಕ ಊರ ಮಂದಿ ಬಂದಾರ!"

"ಹಿಂಗೇ ಅತ್ತಿದೂ ಹೇಳ್ರಿ."

"ಗಂಡನ ಹೆಸರಿಗೆ ಒಡಪ ಐತಿ. ಅತ್ತಿ ಹೆಸರಿಗೆ ಯಾರೂ ಕಟ್ಟಿಲ್ಲ. ಯಾಕಂದ್ರ ಯಾರೂ ಕೇಳಿಲ್ಲ."

ಆಗ ನಾನು ತಾಳ್ಮೆ ತಪ್ಪಿ ಒಂದು ಮಾತು ಅಂದುಬಿಟ್ಟೆ. "ಮಾಮಿ, ನಾಳೆ ನೀವು ಹೋದ್ರ ಆ ಹೆಸರೂ ಹೋಗತೈತಿ. ತಿಳೀತೈತೋ ಇಲ್ರೋ?"

"ಹೋಗಲಿ. ನನ್ನ ಜೋಡಿ ಬರತಾಳ. ಒಬ್ಬಾಕಿನೇ ಹೋಗೂದಕ್ಕಿಂತ ಛಲೋ ಅಲ್ಲೇನು?"

ಹೊರಗೆ ನಾಲ್ಕು ಹನಿ ಬಿದ್ದು ನಿಂತವು. ಆಮೇಲೆ ಆಕೆ ನನ್ನ ಮುಖ ನೋಡದೆ ಹೇಳಿದಳು.

"ಗಂಗವ್ವ ಅಂತ ನನಗ ಈ ಮನ್ಯಾಗ ಇಟ್ಟದ್ದು. ತಟ್ಟ್ಯಾಗ ಬರದರು, ಎಲ್ಲಾರೂ ಕರ್ಯಾಕ ಹತ್ತಿದರು. ನಾ ಓ ಅಂತಿರಲಿಲ್ಲ. ಸಣ್ಣ ಹುಡುಗಿ, ಗಂಗವ್ವ ಅಂದ್ರ ಯಾರೋ ಬ್ಯಾರೆ ಅಂತ ತಿಳಕೋತಿದ್ದೆ. ಕಿವುಡಿ ತಂದಾರ ಅಂದ್ರು ಮಂದಿ. ಮುಂಜಾನೆ ಬೀಸೂ ಮುಂದ, ಬೀಸೂಕಲ್ಲಿನ ಸಪ್ಪಳದಾಗ ಯಾರಿಗೂ ಕೇಳಿಸಬಾರದಂಗ, ಅತ್ತಿ ನನ್ನ ಹುಟ್ಟಿದ ಹೆಸರಿಲೆ ಕರೀತಿದ್ಲು. ದಿನಾ ಒಮ್ಮೆ. ಸಾಯೂ ತನಕಾ. ಆಕಿ ಹೋದ ಮ್ಯಾಲ ನನ್ನ ಆ ಹೆಸರಿಲೆ ಯಾರೂ ಕರದಿಲ್ಲ. ಆಕಿ ನನ್ನದು ಕಾಯ್ದಳು, ನಾ ಆಕಿದು ಕಾಯ್ತೇನಿ. ನೀವು ಅದನ್ನ ಕಂಪ್ಯೂಟರಿನ್ಯಾಗ ಹಾಕಾವರು."

ಮಾಮಿಗೂ ಇನ್ನೊಂದು ಹೆಸರಿತ್ತು ಎಂಬುದೇ ನನಗೆ ಆ ಹೊತ್ತಿನವರೆಗೆ ಗೊತ್ತಿರಲಿಲ್ಲ. ಕೇಳಿದೆ. ಅದನ್ನೂ ಹೇಳಲಿಲ್ಲ.

ಅಷ್ಟರಲ್ಲಿ ಘಟ್ಟದ ಮಳೆ ಜೋರಾಯಿತು. ಹೊಳೆ ದಂಡೆ ಬಿಟ್ಟಿತು. ಮಸಗುಪ್ಪಿಯ ಜನ ದನಕರು ಹೊಡೆದುಕೊಂಡು ಮೇಲಿನ ಸಾಲೆಗೆ ಹೋದರು. ಸಂತೋಷ ಕೆಸರು ಬೂಟಿನಲ್ಲೇ ಬಂದು ಎರಡು ಗಂಟೆ ಮಲಗಿ ಮತ್ತೆ ಹೋಗುತ್ತಿದ್ದ. ಲೋಳಸೂರ ಸೇತುವೆಯ ಮೇಲೆ ನೀರು ಬಂದು ಹುಕ್ಕೇರಿ ಕಡೆಯ ದಾರಿ ಕಟ್ಟಾಯಿತು. ನನ್ನ ಹುಡುಕಾಟವೂ ಅಲ್ಲಿಗೇ ಕಟ್ಟಾಯಿತು. ಆ ನೀರಿನ ಗದ್ದಲದಲ್ಲೇ ಒದೀಲ್ ಹೆತ್ತಳು. ಹೆಣ್ಣು. ತಲೆ ತುಂಬ ಕಪ್ಪು ಕೂದಲು, ಬಣ್ಣ ಮಾತ್ರ ಬೇಯಿಸಿದ ಗೆಣಸಿನ ಸಿಪ್ಪೆಯಂತೆ ಕೆಂಪು.

ತೊಟ್ಟಿಲ ದಿನ ಹತ್ತಿರ ಬಂದಂತೆ ಮನೆಯಲ್ಲಿ ಜಗಳ. ಆಯಿಯ ಗಂಡನ ಮನೆಯ ಹೆಸರನ್ನೇ ಇಡೋಣ, ಪಾರ್ವತಿ, ಎಷ್ಟು ಚೆಂದ, ಎಂದರು ವೈನಿ. ಒದೀಲ್ ಹಾಸಿಗೆಯ ಮೇಲಿಂದಲೇ, "ಅದು ಅಕ್ಕಿ ತಟ್ಟಿ ಹೆಸರು. ನಮ್ಮ ಮರೀ ಇದ್ದಂಗ. ಒಲ್ಲೆ" ಎಂದಳು. "ನಿಂದೆಲ್ಲಾ ಒಲ್ಲೇನೇ. ನಾನೂ ಅಕ್ಕಿ ತಟ್ಟಿ ಶಾರದಾನೇ. ಸತ್ತೇನೇನು?" ಎಂದು ವೈನಿ ಅತ್ತರು. ಇಬ್ಬರೂ ನನ್ನ ಕಡೆ ನೋಡಿದರು. ನಾನು ಏನು ಹೇಳಲಿ? ಇಡೀ ಮಳೆಗಾಲ ಅಲೆದು ನಾನು ತಂದದ್ದು ಎರಡು ಊರಿನ ಹೆಸರು, ಒಂದು ಒಡಪು.

ತೊಟ್ಟಿಲ ಹಿಂದಿನ ದಿನ ಸೇತುವೆ ತೆರೆಯಿತು. ಮರುದಿನ ಮುಂಜಾನೆ ಬಾಗಿಲ ಮುಂದೆ ಟ್ರ್ಯಾಕ್ಟರ್ ನಿಂತಿತು. ಟ್ರೇಲರಿನಲ್ಲಿ ಹುಲ್ಲಿನ ಮೇಲೆ ಜಮಖಾನೆ, ಜಮಖಾನೆಯ ಮೇಲೆ ಮಾಮಿ. ಇಬ್ಬರು ಎತ್ತಿ ಇಳಿಸಿದರು. "ಹೆಣ್ಣ ಹುಟ್ಟೈತಂತ ಕೇಳಿದೆ. ಕಾರಿನ್ಯಾಗ ನನಗ ವಾಂತಿ ಆಗತೈತಿ" ಎಂದಳು.

ಓಣಿಯ ಹೆಂಗಸರು ಬಂದರು. ಗುಂಡಕಲ್ಲಿಗೆ ಕುಂಚಿಗೆ, ಅಂದರೆ ಕೂಸಿನ ಟೊಪ್ಪಿಗೆ, ತೊಡಿಸಿ ತೊಟ್ಟಿಲ ಮೇಲಿಂದ ಕೆಳಗಿಂದ ದಾಟಿಸಿದರು. ಜೋಗುಳ ಹಾಡಿದರು. ಕಾಳು ಬೇಯಿಸಿದ ಗುಗ್ಗರಿಯ ಬುಟ್ಟಿ ಒಂದು ಕಡೆ ಆವಿ ಬಿಡುತ್ತಿತ್ತು. "ಸೋದರತ್ತಿ ಬರ್ರಿ" ಎಂದು ಯಾರೋ ಕೂಗಿದರು. ನಾನು ತೊಟ್ಟಿಲ ಕಡೆ ಹೆಜ್ಜೆ ಇಟ್ಟೆ. ಆ ಗಳಿಗೆಯಲ್ಲೂ ನನ್ನ ಬಳಿ ಹೆಸರಿರಲಿಲ್ಲ.

"ಬಾಜೂಕ ಸರಿ ಬೇಬಿ," ಎಂದಳು ಮಾಮಿ. "ಇವತ್ತೊಂದಿನ ನಿನ್ನ ಹಕ್ಕು ನನಗ ಕೊಡು."

ಕೊಟ್ಟೆ. ಕೊಡದೆ ಏನು ಮಾಡಲಿ? ಕಡೆಗೂ ಹೇಳುತ್ತಾಳೆ. ಒದೀಲ್ ನನ್ನ ತೋಳು ಹಿಡಿದಳು. ನಾವಿಬ್ಬರೂ ತೊಟ್ಟಿಲಿಗೆ ಅಂಟಿ ನಿಂತು ಕಿವಿ ಮುಂದೆ ಮಾಡಿದೆವು. ಮಾಮಿ ತೊಟ್ಟಿಲ ಸರಪಳಿ ಹಿಡಿದು ಬಾಗಿದಳು. ತನ್ನ ಸೆರಗಿನಿಂದ ಕೂಸಿನ ತಲೆಯನ್ನೂ ತನ್ನ ತಲೆಯನ್ನೂ ಕೂಡಿಸಿ ಮುಚ್ಚಿದಳು. ಹೆಸರಿಗೆ ಮೊದಲು ಕೂಸಿನ ಕಿವಿಯಲ್ಲಿ ಅನ್ನುವ 'ಕುರ್ರ್' ಸೆರಗಿನೊಳಗಿನಿಂದ ಕೇಳಿಸಿತು. ಆಮೇಲೆ ಏನೋ ತುಟಿ ಅಲುಗಿದ ಸದ್ದು, ಉಸಿರಿಗಿಂತ ಸಣ್ಣದು. ಕೂಸು ಬೆಚ್ಚಿ ಸುಮ್ಮನಾಯಿತು.

ಹೆಸರು ಹೇಳಿದವಳ ಬೆನ್ನಿಗೆ ಸುತ್ತಲಿನವರು ಗುದ್ದಬೇಕು, ಅದು ಪದ್ಧತಿ. ಆ ಮುದಿ ಬೆನ್ನಿಗೆ ಕೈ ಎತ್ತುವ ಧೈರ್ಯ ಯಾರಿಗೂ ಬರಲಿಲ್ಲ. "ಬಡೀರೇ, ರಟ್ಟ್ಯಾಗ ಬಲ ಇಲ್ಲೇನು?" ಎಂದು ಆಕೆಯೇ ಗದರಿದ ಮೇಲೆ ನಾಲ್ಕು ಹೆಂಗಸರು ಬೆರಳು ಮುಟ್ಟಿಸಿದರು.

"ಏನ್ ಹೆಸರ್ರಿ?" ಎಂದು ಓಣಿಯೆಲ್ಲ ಕೇಳಿತು.

"ಕೂಸಿಗೆ ಹೇಳೇನಿ. ಹೆಸರ ಆಕಿದು, ನಿಮಗ್ಯಾಕ?"

"ಮಾಮೀ!" ಎಂದೆ ನಾನು. ಜೀವಮಾನದಲ್ಲಿ ಅಷ್ಟು ಗಟ್ಟಿಯಾಗಿ ಕೂಗಿರಲಿಲ್ಲ. ನಲವತ್ತು ಮಕ್ಕಳ ಕ್ಲಾಸಿನಲ್ಲೂ ಕೂಗಿರಲಿಲ್ಲ. "ಇದಕ್ಕ ಅರ್ಥ ಏನ್ರಿ? ನಾವು ಕೂಸಿಗೆ ಏನಂತ ಕರೀಬೇಕು?"

ಮಾಮಿ ತೊಟ್ಟಿಲ ಕಡೆ ತಿರುಗಿದಳು. ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು, ಹಿರಿಯರ ಮುಂದೆ ಸೊಸೆ ಎಳೆದುಕೊಳ್ಳುವ ಹಾಗೆ. "ನಾನಂತೂ ಅತ್ತಿ ಅಂತೇನಿ," ಎಂದಳು. "ಅತ್ತಿ, ನಕ್ಕೊಂತ ಬಾಳ್ರಿ." ಗುಗ್ಗರಿ ಕೈಯಲ್ಲಿ ಹಿಡಿದು ಟ್ರ್ಯಾಕ್ಟರ್ ಹತ್ತಿದಳು.

ಮಾಮಿ ಆ ಚಳಿಗಾಲದಲ್ಲಿ ಹೋದಳು. ಸುದ್ದಿ ಬಂದಾಗ ನನಗೆ ದುಃಖಕ್ಕಿಂತ ಮೊದಲು ಬಂದದ್ದು ಸಿಟ್ಟು. ದೇವರಾಣೆ, ಸುಳ್ಳಲ್ಲ. ಅವಳನ್ನು ಕೂಡಿಸಿ ವಿಭೂತಿ ಹಚ್ಚಿದ್ದರು. ನಾನು ಬಾಗಿ, ಯಾರಿಗೂ ಕೇಳಿಸದಂತೆ, "ಮಾಮಿ, ಈಗರೆ ಹೇಳ್ರಿ" ಎಂದೆ. ಅತ್ತೆ ಸೊಸೆ ಇಬ್ಬರೂ ಕೂಡಿಯೇ ಹೋಗಿದ್ದರು, ತಮ್ಮ ತಮ್ಮ ಹೆಸರು ಕಟ್ಟಿಕೊಂಡು.

ಜನನ ಪ್ರಮಾಣಪತ್ರಕ್ಕೆ ಏನಾದರೂ ಬರೆಸಲೇಬೇಕಿತ್ತು. ಸಂತೋಷ ಮುಂದೂಡಿ ಮುಂದೂಡಿ ಕಡೆಗೆ ಒದೀಲ್ ಮುಂದೆ ಪೆನ್ನು ಹಿಡಿದ. ಅವಳು ಬಹಳ ಹೊತ್ತು ಯೋಚಿಸಿ, "ಮರೀ ಅಂತ ಬರೀರಿ" ಎಂದಳು. "ಖರೇ ಹೆಸರು ಗೊತ್ತಿಲ್ಲದ ಹೆಣ್ಮಕ್ಕಳಿಗೆ ನಮ್ಮವರು ಅದನ್ನೇ ಇಡತಾರಲ್ರಿ." ಸಿಟ್ಟಿನಿಂದ ಹೇಳಿದಳೋ, ಸೋತು ಹೇಳಿದಳೋ, ನಾನು ಕೇಳಲಿಲ್ಲ. ಮನೆಯಲ್ಲಿ ಮಾತ್ರ ಎಲ್ಲರೂ ಅವಳನ್ನು ಅತ್ತಿ ಎಂದೇ ಕರೆಯುತ್ತೇವೆ. ವೈನಿ ಮೊಮ್ಮಗಳಿಗೆ ಬಹುವಚನ ಹಚ್ಚಿ, "ಅತ್ತಿಯವರ, ಉಣ್ಣಾಕ ಬರ್ರಿ" ಎನ್ನುತ್ತಾರೆ.

ಅತ್ತಿಗೆ ಈಗ ಮಾತು ಬರುತ್ತಿದೆ. ಕಟ್ಟೆಯ ಮೇಲೆ ಕೂತು ತನ್ನಷ್ಟಕ್ಕೆ ತಾನೇ ಏನೇನೋ ವಟಗುಟ್ಟುತ್ತಾಳೆ. ತೊಟ್ಟಿಲ ಕೂಸಿಗೆ ಏನು ನೆನಪಿದ್ದೀತು? ನನಗೆ ಗೊತ್ತು, ನಾನೇನು ಅರಳುಮರಳು ಅಲ್ಲ. ಆದರೂ ಮಧ್ಯಾಹ್ನ ಕನ್ನಡಕ ತೆಗೆದಿಟ್ಟು ಅವಳ ಬಾಯಿಯ ಹತ್ತಿರ ಕಿವಿ ಒಡ್ಡಿ ಕೂರುತ್ತೇನೆ. ಒಂದು ಶಬ್ದ ಬರುತ್ತದೆ. "ಅದು ಫ್ರೆಂಚ್, ಬೇಬಿ ಅತ್ತಿ. ಹಾಲು ಬೇಕಂತ" ಎನ್ನುತ್ತಾಳೆ ಒದೀಲ್. ಇನ್ನೊಂದು ಬರುತ್ತದೆ. "ಅದು ಕನ್ನಡರೀ. ಕಾಗಿ ಅನ್ನಾಕತ್ತಾಳ" ಎನ್ನುತ್ತಾರೆ ವೈನಿ. ಇರಬಹುದು. ಅವರಿಬ್ಬರಿಗೂ ಗೊತ್ತಿಲ್ಲದ ಒಂದು ಶಬ್ದ ಬರಲಿ ಎಂದು ನಾನು ಕಾಯುತ್ತಿದ್ದೇನೆ.